ಇಪ್ಪತ್ತೆರಡು ಪೊಟ್ಟಣ, ಒಂದೇ ಮಣ್ಣು

ಕಳೆದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಕೃಷಿ ಸಹಾಯಕರಿಗೆ ಕಾಸರಗೋಡಿನಲ್ಲಿ ಒಂದು ದಿನದ ತರಬೇತಿ ಇತ್ತು. ನಿವೃತ್ತನಾದ ನಾನೂ ಎರಡು ಮಾತು ಆಡಬೇಕೆಂದು ಕರೆದರು. ಹೋದೆ. ಮೈಕು ಕೈಗೆ ಸಿಕ್ಕಿದ ಕೂಡಲೇ, ನಮ್ಮ ಕಾಲದಲ್ಲಿ ಜೀಪು ಇರಲಿಲ್ಲ, ಮಳೆಗಾಲದಲ್ಲಿ ಅಡಕೆ ಮರದ ಸಂಕ ದಾಟಬೇಕಿತ್ತು ಎಂದೆಲ್ಲ ಹೇಳಿ, ನಾಲ್ಕು ಜನರನ್ನು ನಗಿಸಿ, ಚಾ ಕುಡಿದು ಬಂದೆ. ಪೆರ್ಲದ ಬಸ್ಸಿನಲ್ಲಿ ಕೂತ ಮೇಲೆ ನಾಚಿಕೆಯಾಯಿತು. ಆ ಮಕ್ಕಳಿಗೆ ಹೇಳಲೇಬೇಕಾದದ್ದು ಒಂದೇ ಒಂದು ಇತ್ತು. ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೆ. ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಊರಿನ ಹೆಸರು, ಪಂಚಾಯತಿನ ಹೆಸರು ಹಾಕುವುದಿಲ್ಲ. ತಪ್ಪು ನನ್ನದು, ಊರಿನದ್ದಲ್ಲ.

ಕೃಷಿ ಭವನದಲ್ಲಿ ಆಫೀಸರರು ಬರುತ್ತಾರೆ, ಹೋಗುತ್ತಾರೆ. ಊರವರಿಗೆ ಗೊತ್ತಿರುವ ಮುಖ ಸಹಾಯಕನದ್ದು. ತೆಂಗಿನ ಗಿಡ ಬಂತಾ, ಬಿತ್ತನೆ ಬೀಜ ಯಾವಾಗ, ಹಂದಿ ಗೆಣಸು ಅಗೆದು ಹಾಕಿದ್ದಕ್ಕೆ ಎಂತಾದರೂ ಸಿಗುತ್ತದಾ, ಎಲ್ಲ ಅವನನ್ನೇ ಕೇಳುವುದು. ಮದುವೆ ಊಟದ ಪಂಕ್ತಿಯಲ್ಲಿ ಕೂತಿದ್ದರೂ ಬಿಡುವುದಿಲ್ಲ. ನಮ್ಮ ಕಡೆ ತುಳು ಮಾತಾಡುವವರು ಕ್ರಿಶ್ಚಿಯನ್ನರನ್ನು ಗೌರವದಿಂದ 'ಪೊರ್ಬುಗಳು' ಎನ್ನುತ್ತಾರೆ. ಮೂವತ್ತು ವರ್ಷ ನನ್ನ ಹೆಸರು ಅದೇ ಆಗಿತ್ತು. ನಿಜವಾದ ಹೆಸರು ಸಂಬಳದ ರಿಜಿಸ್ಟರಿನಲ್ಲಿ ಮಾತ್ರ ಇತ್ತು.

ಕೆಲಸ ಕಲಿಸಿದವರು ಕಣ್ಣೇಟ್ಟನ್. ನನಗಿಂತ ಹಿರಿಯ ಸಹಾಯಕರು, ಕಾಞಂಗಾಡಿನ ಕಡೆಯವರು, ಕನ್ನಡವನ್ನು ಮಲಯಾಳದ ರಾಗದಲ್ಲಿ ಆಡುತ್ತಿದ್ದರು. ಪರೀಕ್ಷೆಗೆ ಮಣ್ಣು ತೆಗೆಯುವುದು ಹೇಗೆಂದು ಮೊದಲ ವಾರವೇ ತೋರಿಸಿಕೊಟ್ಟರು. ಗದ್ದೆಯಲ್ಲಿ ಹಾವು ಹರಿದಂತೆ ಅಡ್ಡಡ್ಡ ನಡೆಯಬೇಕು. ಹತ್ತು ಹನ್ನೆರಡು ಕಡೆ ಮೇಲಿನ ಕಸ ಸರಿಸಿ, ಅರ್ಧ ಅಡಿ ಆಳಕ್ಕೆ ಗುಂಡಿ ಮಾಡಿ, ಅದರ ಗೋಡೆಯಿಂದ ತೆಳ್ಳಗೆ ಒಂದು ಪದರ ಕೆರೆದು ಬಕೆಟಿಗೆ ಹಾಕಬೇಕು. ಎಲ್ಲವನ್ನೂ ಗೋಣಿಯ ಮೇಲೆ ಸುರಿದು, ಬೆರೆಸಿ, ಹರಡಿ, ಬೆರಳಿನಿಂದ ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ ಎಳೆದು ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲು ಬಿಸಾಡಿ, ಉಳಿದದ್ದನ್ನು ಮತ್ತೆ ಬೆರೆಸಿ, ಮತ್ತೆ ಗೆರೆ ಎಳೆಯಬೇಕು. ಕೊನೆಗೆ ಅರ್ಧ ಕಿಲೋ ಉಳಿದರೆ ಅದು ಪೊಟ್ಟಣಕ್ಕೆ. ಒಂದೇ ಕಡೆಯಿಂದ ತೆಗೆದರೆ ಸಾಲದಾ ಎಂದು ನಾನು ಕೇಳಿದ್ದೆ. ಅದು ಆ ಗುಂಡಿಯ ಮಣ್ಣಾಯಿತು, ಗದ್ದೆಯದ್ದಾಗಲಿಲ್ಲ ಎಂದರು ಕಣ್ಣೇಟ್ಟನ್.

ಆ ಗೆರೆಗಳಿಂದ ಒಮ್ಮೆ ಪೇಚಿಗೆ ಸಿಕ್ಕಿದ್ದೆ. ಬಾಬಣ್ಣ ಎಂಬ ಹಿರಿಯರ ಗದ್ದೆಯಲ್ಲಿ ಮಣ್ಣು ಹರಡಿ ಗೆರೆ ಎಳೆದೆ. ಅವರು ಮುಟ್ಟಾಳೆ ತೆಗೆದು ತಲೆ ಕೆರೆದುಕೊಂಡು, ಪೊರ್ಬುಗಳೇ, ನಮ್ಮ ಮಣ್ಣಿಗೆ ನೀವು ಶಿಲುಬೆ ಹಾಕುವುದಾ ಎಂದು ಕೇಳಿದರು. ಕೋಪ ಇರಲಿಲ್ಲ, ನಿಜವಾದ ಸಂಶಯ. ಇದು ಶಿಲುಬೆ ಅಲ್ಲ, ಲೆಕ್ಕದ ಪ್ಲಸ್ಸು ಎಂದೆ. ಅವರು ಸ್ವಲ್ಪ ಹೊತ್ತು ನೋಡಿ, ಹಾಗಾದರೆ ಸ್ವಲ್ಪ ಓರೆ ಮಾಡಿ ಎಳೆಯಿರಿ, ಪಾಲು ನಾಲ್ಕೇ ಆಗುತ್ತದಲ್ಲ ಎಂದರು. ಸರಿಯಾದ ಮಾತೇ. ಅವರು ಇರುವವರೆಗೆ ಅವರ ಗದ್ದೆಯಲ್ಲಿ ಗುಣಾಕಾರವನ್ನೇ ಹಾಕಿದೆ.

ಇನ್ನೊಂದು ಸಲ ಒಂದು ಮನೆಯ ಅಕ್ಕ ತಾವೇ ಮಣ್ಣು ತಂದುಕೊಟ್ಟರು, ತೊಳೆದ ಸ್ಟೀಲ್ ಡಬ್ಬದಲ್ಲಿ. ನುಣುಪಾಗಿ ಜರಡಿ ಹಿಡಿದ ಕಪ್ಪು ಮಣ್ಣು. ಲ್ಯಾಬಿನಿಂದ ಫಲಿತಾಂಶ ಬಂದಾಗ, ಅಂಥ ಮಣ್ಣು ಇಡೀ ತಾಲೂಕಿನಲ್ಲಿ ಇಲ್ಲ ಎನ್ನುವ ಹಾಗಿತ್ತು. ಹೋಗಿ ಕೇಳಿದರೆ, ತುಳಸಿಕಟ್ಟೆಯದ್ದು ಎಂದರು. ಸರಕಾರಕ್ಕೆ ಕಳಿಸುವುದಲ್ಲವಾ, ತೋಟದ ಕಲ್ಲುಮಣ್ಣು ಕೊಟ್ಟರೆ ಮರ್ಯಾದೆ ಎಂತ ಉಳಿಯುತ್ತದೆ ಎಂಬುದು ಅವರ ವಾದ. ಹೆಣ್ಣು ನೋಡಲು ಬಂದವರ ಎದುರು ಒಳ್ಳೆಯ ಸೀರೆ ಉಡಿಸುವ ಹಾಗೆ ಮಣ್ಣಿಗೂ ಉಡಿಸಿದ್ದರು. ಈ ಕಥೆಯನ್ನು ಹೇಳಿ ಹೇಳಿ ಎಷ್ಟು ಕಡೆ ನಗಿಸಿದ್ದೇನೋ ಲೆಕ್ಕವಿಲ್ಲ. ಈಗ ಹೇಳುವುದಿಲ್ಲ. ಆ ಅಕ್ಕ ಮರ್ಯಾದೆಗೆ ಅಂಜಿ ಮಾಡಿದ್ದಕ್ಕಿಂತ ಕೆಟ್ಟದ್ದನ್ನು ನಾನು ಸೋಮಾರಿತನದಿಂದ ಮಾಡಿದೆ.

ಭಾಷೆಯಿಂದ ಆದ ಎಡವಟ್ಟು ಬೇರೆ. ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಮನೆಮಾತು ಕೊಂಕಣಿ, ಇಲಾಖೆಯ ಕಾಗದ ಬರುವುದು ಮಲಯಾಳದಲ್ಲಿ. ಸೇರಿದ ಹೊಸತರಲ್ಲಿ 'ಕುಮ್ಮಾಯಂ' ವಿತರಣೆ ಎಂದು ಸುತ್ತೋಲೆ ಬಂತು. ಅಕ್ಷರ ಕೂಡಿಸಿ ಓದಿದೆ, ಅರ್ಥ ಆಗಲಿಲ್ಲ, ಕೇಳಲು ಬಿಗುಮಾನ. ಹೊಸ ನಮೂನೆಯ ಗೊಬ್ಬರ ಇರಬೇಕೆಂದು ಊರಿಡೀ ಸಾರಿಬಿಟ್ಟೆ. ಜನ ಬೆಳಿಗ್ಗೆಯೇ ಸಾಲು ನಿಂತರು. ಗೋಣಿ ಬಿಚ್ಚಿದರೆ ಬರೀ ಸುಣ್ಣ. ಎಲೆ ತಿನ್ನುವ ಹಿರಿಯರೊಬ್ಬರು ಬೆರಳಿನಲ್ಲಿ ಒಂದಿಷ್ಟು ತೆಗೆದು ನನ್ನ ಮುಖದ ಹತ್ತಿರ ಹಿಡಿದು, ಇದರ ಹೆಸರು ಹೇಳಲು ನಿಮಗೆ ಸರಕಾರ ಸಂಬಳ ಕೊಡುತ್ತದಾ ಎಂದು ಕೇಳಿದರು. ಆದರೂ ಆ ದಿನ ಎಲ್ಲರೂ ಸುಣ್ಣ ಹೊತ್ತುಕೊಂಡೇ ಹೋದರು. ನಮ್ಮ ಮಳೆಗೆ ತೊಳೆದುಹೋಗುವ ಮಣ್ಣಿನಲ್ಲಿ ಹುಳಿ ಜಾಸ್ತಿ. ಹುಳಿ ಹೆಚ್ಚಾದರೆ ಎಷ್ಟು ಗೊಬ್ಬರ ಸುರಿದರೂ ಬೇರು ಎಳೆದುಕೊಳ್ಳುವುದಿಲ್ಲ, ಸುಣ್ಣ ಬಿದ್ದರೆ ಹುಳಿ ಇಳಿಯುತ್ತದೆ. ಮುಂದಿನದ್ದು ತಿಳಿಯಲು ಇಷ್ಟು ಸಾಕು.

ಆಮೇಲೆ ಕಾಲ ಬದಲಾಯಿತು. ಬಟ್ಟೆಚೀಲ ಹೋಗಿ ಪ್ಲಾಸ್ಟಿಕ್ ಕವರು ಬಂತು, ಕೈಬರಹದ ಚೀಟಿ ಹೋಗಿ ನಂಬರು ಬಂತು. ಮಣ್ಣು ಆರೋಗ್ಯ ಕಾರ್ಡು ಬಂತು. ಪ್ರತಿ ಗದ್ದೆಗೆ ಒಂದು ಕಾರ್ಡು, ಅದರಲ್ಲಿ ಹುಳಿ ಎಷ್ಟು, ಸಾರ ಎಷ್ಟು, ಸುಣ್ಣ ಬೇಕೋ ಬೇಡವೋ ಎಲ್ಲ ಇರುತ್ತದೆ. ಒಳ್ಳೆಯ ಯೋಜನೆ. ಜೊತೆಗೆ ಇಷ್ಟು ಮಾದರಿ ಇಷ್ಟು ದಿನದೊಳಗೆ ಎಂಬ ಗುರಿಯೂ ಬಂತು. ಗುರಿ ತಲುಪಿದವನ ಹೆಸರನ್ನು ಮೀಟಿಂಗಿನಲ್ಲಿ ಓದುತ್ತಿದ್ದರು, ತಲುಪದವನದ್ದನ್ನೂ ಓದುತ್ತಿದ್ದರು.

ಒಂದು ಮಾರ್ಚ್ ತಿಂಗಳ ಕೊನೆ. ಒಂದು ವಾರ್ಡಿನಲ್ಲಿ ಇಪ್ಪತ್ತೆರಡು ಮಾದರಿ ಬಾಕಿ. ರಸ್ತೆ ಗುಡ್ಡೆಯ ಮೇಲೆಯೇ ಮುಗಿಯುತ್ತದೆ, ಗದ್ದೆಗಳೆಲ್ಲ ಕೆಳಗೆ ಬೈಲಿನಲ್ಲಿ. ನನಗೆ ಮೊಣಕಾಲು ನೋವು ಇದ್ದದ್ದು ಹೌದು. ಆದರೆ ಇಳಿಯಲಾಗದಷ್ಟು ಇರಲಿಲ್ಲ. ರಸ್ತೆ ಬದಿಯ ಒಂದು ತೋಟಕ್ಕೆ ಹೊಕ್ಕು ಒಂದು ಬಕೆಟು ಮಣ್ಣು ತುಂಬಿಸಿದೆ. ಇಪ್ಪತ್ತೆರಡು ಕವರಿಗೆ ಹಂಚಿದೆ. ಇಪ್ಪತ್ತೆರಡು ಹೆಸರು ಬರೆದೆ. ಆ ತೋಟದವರು ವರ್ಷ ವರ್ಷ ಸುಣ್ಣ ಹಾಕುವವರು. ಹಾಗಾಗಿ ಇಪ್ಪತ್ತೆರಡು ಕಾರ್ಡಿನಲ್ಲೂ ಮಣ್ಣು ಉತ್ತಮ, ಸುಣ್ಣ ಬೇಡ ಎಂದು ಬಂತು. ಮೀಟಿಂಗಿನಲ್ಲಿ ನನ್ನ ಹೆಸರು ಓದಿದರು. ಕೈ ಕಟ್ಟಿ ನಿಂತು ಕೇಳಿಸಿಕೊಂಡೆ.

ನಾನು ನಿವೃತ್ತನಾಗಲು ನಾಲ್ಕು ತಿಂಗಳು ಇರುವಾಗ ಧನ್ಯಾ ಕೃಷಿ ಭವನಕ್ಕೆ ಬಂದಳು. ಅದೇ ಬೈಲಿನ ಹುಡುಗಿ, ಪ್ಲಸ್ ಟು ಓದುತ್ತಿದ್ದಳು. ಶಾಲೆಯಲ್ಲಿ ಪ್ರಾಜೆಕ್ಟಿಗೆ ತನ್ನ ವಾರ್ಡಿನ ಮಣ್ಣು ಎಂಬ ವಿಷಯ ತೆಗೆದುಕೊಂಡಿದ್ದಳು. ಮನೆಮನೆಗೆ ಹೋಗಿ ಏಳು ಕಾರ್ಡು ಬೇಡಿ ತಂದು, ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದು ಸಂಶಯ ಉಂಟು ಸರ್ ಎಂದಳು. ಅವಳ ಮನೆಯ ಗದ್ದೆ ತಗ್ಗಿನಲ್ಲಿ, ಬೇರೆಯವರದ್ದು ಗುಡ್ಡೆಯ ಬದಿ, ಇನ್ನೊಬ್ಬರದ್ದು ನೀರು ಹರಿಯುವ ತೋಡಿನ ದಡ. ಏಳಕ್ಕೂ ನಂಬರೆಲ್ಲ ಹತ್ತಿರ ಹತ್ತಿರ ಒಂದೇ. ಅದು ಹೇಗೆ?

ಇಷ್ಟು ವರ್ಷ ಆ ಕಾರ್ಡುಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ, ನಾನೂ ನೋಡಿರಲಿಲ್ಲ. ಲ್ಯಾಬಿನ ಮೆಷಿನ್ನಿನ ತಪ್ಪು ಇರಬಹುದು ಎಂದೆ. ಅವಳು ನೋಟ್ ಪುಸ್ತಕ ತೆರೆದು, 'ಮೆಷಿನ್ನಿನ ತಪ್ಪು (ಕೃಷಿ ಭವನದ ಸರ್ ಹೇಳಿದ್ದು)' ಎಂದು ದುಂಡಗೆ ಬರೆದುಕೊಂಡಳು. ಸುಳ್ಳು ಹೇಳಿದ್ದಕ್ಕಿಂತ ಅದನ್ನು ಅವಳು ಬರೆದುಕೊಂಡದ್ದು ನನ್ನನ್ನು ಹೆಚ್ಚು ಚುಚ್ಚಿತು.

ಹೋಗುವ ಮೊದಲು ಅವಳು ಮನೆಯ ವಿಷಯವನ್ನೂ ಹೇಳಿದಳು. ಬೈಲಿನ ಗದ್ದೆ ಅಜ್ಜಿಯದ್ದು. ಅಜ್ಜಿ ತೀರಿಹೋದ ಮೇಲೆ ಬೇಸಾಯ ಮಾಡುವವರು ಅಮ್ಮ, ಲಲಿತಕ್ಕ. ಅಜ್ಜಿಯ ಕಾಲದಲ್ಲಿ ಮನೆಗೆ ಸಾಕಾಗುವಷ್ಟು ಅಕ್ಕಿ ಆಗುತ್ತಿತ್ತು. ಅಮ್ಮನ ಕೈಗೆ ಬಂದ ಮೇಲೆ ಪೈರು ಹಳದಿಯಾಗಿ ಕುಳ್ಳಾಗುತ್ತದೆ, ನಿಂತ ನೀರಿನ ಮೇಲೆ ಎಣ್ಣೆಯಂತೆ ಕೆಂಪು ಪೊರೆ ಕಟ್ಟುತ್ತದೆ. ಅದರ ಫೋಟೊ ಮೊಬೈಲಿನಲ್ಲಿ ತೋರಿಸಿದಳು. ಮನೆಯಲ್ಲಿ ಯಜಮಾನಿಕೆ ಅಮ್ಮನ ಅಣ್ಣ ಐತಪ್ಪಣ್ಣನದ್ದು. ಗದ್ದೆಗೆ ಮಣ್ಣು ತುಂಬಿಸಿ ಅಡಕೆ ಗಿಡ ಇಡುವುದೆಂದು ಅವರು ತೀರ್ಮಾನ ಮಾಡಿ ಅರ್ಜಿ ಬರೆದಾಗಿದೆ. ಲಲಿತನ ಕೈಗುಣ ಸರಿ ಇಲ್ಲ ಎಂಬುದು ಮಾವನ ಮಾತು.

"ಅಮ್ಮ ಈಗ ಮನೆಯಲ್ಲಿ ಬಸಳೆ ಬಳ್ಳಿ ಕೂಡ ನೆಡುವುದಿಲ್ಲ ಸರ್. ನನ್ನ ಹತ್ತಿರ ನೆಡಿಸುತ್ತಾರೆ" ಎಂದಳು ಧನ್ಯಾ.

ಕೈಗುಣ ಎಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಒಬ್ಬರು ನೆಟ್ಟದ್ದು ಹಿಡಿಯುತ್ತದೆ, ಇನ್ನೊಬ್ಬರು ನೆಟ್ಟದ್ದು ಹಿಡಿಯುವುದಿಲ್ಲ ಎಂದು ಜನ ನಿಜವಾಗಿ ನಂಬುತ್ತಾರೆ. ನೇಜಿ, ಅಂದರೆ ಭತ್ತದ ಸಸಿ, ನೆಡುವ ದಿನ ಮೊದಲ ಹಿಡಿಯನ್ನು ಕೈಗುಣ ಇದ್ದವರಿಂದಲೇ ನೆಡಿಸುತ್ತಾರೆ. ಹೆಂಗಸಿಗೆ ಕೈಗುಣ ಇಲ್ಲ ಎಂದರೆ ಅವಳನ್ನು ಗದ್ದೆಯಿಂದ ಹೊರಗೆ ಹಾಕಿದ ಹಾಗೆಯೇ. ಆ ದಿನ ಮನೆಗೆ ಹೋಗಿ ಊಟ ಸೇರಲಿಲ್ಲ. ಇನ್ನು ನಾಲ್ಕು ತಿಂಗಳು ಬಾಯಿ ಮುಚ್ಚಿ ಕೂತರೆ ಪಿಂಚಣಿ ಕಾಗದ ಕೈಗೆ ಬರುತ್ತದೆ, ಆಮೇಲೆ ಆ ಗದ್ದೆ ಯಾರದೋ ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ವಾರ ಹಾಗೆಯೇ ಹೇಳಿಕೊಂಡೆ.

ಐತಪ್ಪಣ್ಣನ ಅರ್ಜಿ ಕೃಷಿ ಭವನಕ್ಕೇ ಬಂತು. ಭತ್ತದ ಗದ್ದೆ ತುಂಬಿಸಬೇಕಾದರೆ ಕೃಷಿ ಆಫೀಸರರು ಸ್ಥಳ ನೋಡಬೇಕು. ಆಗ ನಮಗಿದ್ದ ಆಫೀಸರು ದಕ್ಷಿಣದ ಕಡೆಯ ಮೇಡಂ, ನನ್ನ ಮಗಳ ಪ್ರಾಯ. ಕನ್ನಡ ಅರ್ಥ ಮಾಡಿಕೊಳ್ಳುತ್ತಿದ್ದರು, ಮಾತಾಡಲು ಹಿಂಜರಿಯುತ್ತಿದ್ದರು. ಅವರ ಹಿಂದೆ ನಾನು ಆ ಗುಡ್ಡೆ ಇಳಿದೆ. ಅಷ್ಟು ವರ್ಷದಲ್ಲಿ ಅಲ್ಲಿಗೆ ಅದೇ ಮೊದಲ ಸಲ ಇಳಿದದ್ದು.

ಐತಪ್ಪಣ್ಣ ಕೆಟ್ಟ ಮನುಷ್ಯ ಅಲ್ಲ. ಕುರ್ಚಿ ತರಿಸಿದ್ದರು, ಎಳನೀರು ಕೆತ್ತಿಸಿದ್ದರು. ನಾನು ಮಾಡಿದ ಕಾರ್ಡನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಅದನ್ನು ಮೇಡಂ ಕೈಗೆ ಕೊಟ್ಟು, ಮಣ್ಣು ಒಳ್ಳೆಯದುಂಟು ಎಂದು ಸರಕಾರವೇ ಬರೆದುಕೊಟ್ಟಿದೆ, ಗೊಬ್ಬರಕ್ಕೆ ಏನೂ ಕಡಿಮೆ ಮಾಡಿಲ್ಲ, ನಮ್ಮ ಅಮ್ಮ ಇರುವಾಗ ಬೆಳೆಯುತ್ತಿದ್ದ ಗದ್ದೆ ಇದೇ, ಈಗ ಬೆಳೆಯುವುದಿಲ್ಲ ಎಂದರೆ ಬೇರೆ ಎಂತ ಕಾರಣ ಎಂದು ಕೇಳಿದರು. ತಂಗಿಯನ್ನು ದೂರುವುದಲ್ಲ, ಇದ್ದದ್ದನ್ನು ಹೇಳಿದೆ ಎಂದೂ ಸೇರಿಸಿದರು. ಲಲಿತಕ್ಕ ದೂರ ಗದ್ದೆಯ ಬದುವಿನಲ್ಲಿ, ಕಂಟದ ಮೇಲೆ ನಿಂತಿದ್ದರು. ಗದ್ದೆಗೆ ಕಾಲಿಟ್ಟಿರಲಿಲ್ಲ.

ಧನ್ಯಾ ನೋಟ್ ಪುಸ್ತಕ ಹಿಡಿದುಕೊಂಡು ಮುಂದೆ ಬಂದಳು. ಅಜ್ಜಿ ಎಂತೆಲ್ಲ ಮಾಡುತ್ತಿದ್ದರು ಎಂದು ಅಮ್ಮನನ್ನು ಕೇಳಿ ಬರೆದುಕೊಂಡಿದ್ದಳು. ಬೇಸಗೆಯಲ್ಲಿ ತರಗೆಲೆಯ ಮೇಲೆ ಮಣ್ಣು ಮುಚ್ಚಿ ಸುಟ್ಟು, ಆ ಸುಡುಮಣ್ಣನ್ನೂ ಒಲೆಯ ಬೂದಿಯನ್ನೂ ಅಜ್ಜಿ ವರ್ಷಕ್ಕೊಮ್ಮೆ ಗದ್ದೆಗೆ ಹಾಕುತ್ತಿದ್ದರಂತೆ. ಬೂದಿಯೂ ಸುಣ್ಣದ ಕೆಲಸವನ್ನೇ ಮಾಡುತ್ತದೆ ಅಲ್ಲವಾ ಎಂದು ಅವಳು ಮೇಡಂ ಹತ್ತಿರ ಮಲಯಾಳದಲ್ಲಿ ಕೇಳಿದಳು. ಮೇಡಂ ಹೌದೆಂದರು. ಮತ್ತೆ ನೀವು ಯಾಕೆ ಅದನ್ನು ನಿಲ್ಲಿಸಿದಿರಿ ಎಂದು ಲಲಿತಕ್ಕನ ಕಡೆ ತಿರುಗಿದರು.

ಲಲಿತಕ್ಕ ನನ್ನನ್ನು ನೋಡಿದರು. "ಸುಡುಮಣ್ಣು ಹಾಕಬೇಕಾ ಎಂದು ಪೊರ್ಬುಗಳ ಹತ್ತಿರ ಒಮ್ಮೆ ಕೇಳಿದ್ದೆ. ಕಾರ್ಡಿನಲ್ಲಿ ಸುಣ್ಣವೇ ಬೇಡ ಅಂತ ಉಂಟು, ಸುಮ್ಮನೆ ಯಾಕೆ ಬೆನ್ನು ಮುರಿದುಕೊಳ್ಳುತ್ತೀರಿ ಎಂದರು."

ಹೇಳಿದ್ದೆ. ನೆನಪಾಯಿತು. ರೇಷನ್ ಅಂಗಡಿಯ ಎದುರು, ಸ್ಕೂಟರಿನಿಂದ ಇಳಿಯದೆ ಹೇಳಿದ್ದೆ. ಲಲಿತಕ್ಕನ ಮಾತಿನಲ್ಲಿ ದೂರು ಇರಲಿಲ್ಲ, ನಾನು ಹೇಳಿದ್ದರಿಂದ ಸರಿಯೇ ಇರಬೇಕೆಂಬ ನಂಬಿಕೆ ಇತ್ತು. ಅಲ್ಲಿಂದ ಮುಂದೆ ನನಗೆ ತಡೆದುಕೊಳ್ಳಲು ಆಗಲಿಲ್ಲ.

"ಐತಪ್ಪಣ್ಣ, ಆ ಕಾರ್ಡಿನಲ್ಲಿ ಇರುವುದು ಈ ಗದ್ದೆಯ ಮಣ್ಣಲ್ಲ. ನಾನು ಇಲ್ಲಿಗೆ ಇಳಿದೇ ಇರಲಿಲ್ಲ. ಮೇಲಿನ ತೋಟದಿಂದ ಒಂದು ಬಕೆಟು ತೆಗೆದು ನಿಮ್ಮೆಲ್ಲರ ಹೆಸರು ಬರೆದೆ. ಕೈಗುಣ ಕೆಟ್ಟದ್ದು ಲಲಿತಕ್ಕನದ್ದಲ್ಲ, ನನ್ನದು."

ಐತಪ್ಪಣ್ಣ ಕಾರ್ಡನ್ನು ಮೇಡಂ ಕೈಯಿಂದ ತೆಗೆದುಕೊಂಡು ಒಮ್ಮೆ ಓದಿದರು, ಆಮೇಲೆ ಮಡಚಿ ಅಂಗಿಯ ಜೇಬಿಗೆ ಹಾಕಿದರು. ಮೇಡಂ ಕೇಳಿದ್ದು ಒಂದೇ, ಒಟ್ಟು ಎಷ್ಟು ಎಂದು. ಇಪ್ಪತ್ತೆರಡು ಎಂದೆ. ಗುಡ್ಡೆ ಹತ್ತಿ ಜೀಪು ಸೇರುವವರೆಗೆ ಅವರು ತಿರುಗಿ ನೋಡಲಿಲ್ಲ. ಜೀಪಿನಲ್ಲಿ ಕೂತ ಮೇಲೆ ನಿಧಾನವಾಗಿ ಕನ್ನಡದಲ್ಲೇ ಹೇಳಿದರು, ಮೊದಲೇ ಮನಸ್ಸಿನಲ್ಲಿ ಕೂಡಿಸಿಕೊಂಡಿದ್ದರೆಂದು ಕಾಣುತ್ತದೆ: "ಇಪ್ಪತ್ತೆರಡು ಗದ್ದೆಗೆ ನಡೆದು ಹೋಗಿ. ಪ್ರತಿ ಮನೆಯಲ್ಲಿ ಯಾಕೆ ಬಂದದ್ದು ಎಂದು ನೀವೇ ಹೇಳಬೇಕು."

ಮೇಲಕ್ಕೂ ಬರೆದರು. ಮೆಮೊ ಬಂತು, ಉತ್ತರ ಕೊಟ್ಟೆ, ಸರ್ವಿಸ್ ಬುಕ್ಕಿನಲ್ಲಿ ಒಂದು ಕೆಂಪು ಗೆರೆ ಬಿತ್ತು. ಪಿಂಚಣಿ ತಡವಾಯಿತು, ಸಿಕ್ಕಿತು. ಅದು ದೊಡ್ಡ ಶಿಕ್ಷೆ ಅಲ್ಲ. ಮನೆಮನೆಯಲ್ಲಿ ಹೇಳಿಕೊಂಡದ್ದು ದೊಡ್ಡದು. ಕೆಲವರು ನಕ್ಕರು, ಅದು ಬೈಗುಳಕ್ಕಿಂತ ಕಷ್ಟ. ಒಬ್ಬರು ಅಂಗಳದಿಂದಲೇ ಹಿಂದೆ ಕಳಿಸಿದರು, ಮೂರನೆಯ ಸಲ ಹೋದಾಗ ಒಳಗೆ ಬಿಟ್ಟರು. ಶನಿವಾರ ಧನ್ಯಾ ಜೊತೆಗೆ ಬರುತ್ತಿದ್ದಳು. ಅವಳ ಪ್ರಾಜೆಕ್ಟಿಗೆ ಸರಿಯಾದ ನಂಬರು ಬೇಕಿತ್ತಲ್ಲ. ನಾನು ಹಾರೆ ಹಿಡಿದು ಗುಂಡಿ ಮಾಡಿದರೆ ಅವಳು ಕೆರೆದು ಬಕೆಟಿಗೆ ಹಾಕುವಳು. ಆಳ ಕಡಿಮೆಯಾದರೆ ಅರ್ಧ ಅಡಿ ಆಗಲಿಲ್ಲ ಸರ್ ಎಂದು ಸ್ಕೇಲು ಇಟ್ಟು ತೋರಿಸುವಳು. ಗೋಣಿಯ ಮೇಲೆ ಪ್ಲಸ್ಸು ಎಳೆಯುವ ಕೆಲಸವನ್ನು ಎರಡನೆಯ ವಾರಕ್ಕೇ ನನ್ನಿಂದ ಕಿತ್ತುಕೊಂಡಳು. ಕೊನೆಯ ಗದ್ದೆಯ ಕಂಟದಲ್ಲಿ ಕೂತು 'ಮೆಷಿನ್ನಿನ ತಪ್ಪು' ಎಂಬ ಸಾಲಿಗೆ ಗೆರೆ ಎಳೆದಳು. ಅಲ್ಲಿ ಎಂತ ಬರೆಯಲಿ ಎಂದು ಕೇಳಿದಳು. ಇದ್ದದ್ದನ್ನೇ ಬರಿ ಮಗಾ ಎಂದೆ. 'ಮಾದರಿ ತೆಗೆದದ್ದು ತಪ್ಪು' ಎಂದು ಬರೆದಳು. ನನ್ನ ಹೆಸರು ಹಾಕಲಿಲ್ಲ.

ಫಲಿತಾಂಶ ಬಂತು. ಬೈಲಿನ ಗದ್ದೆಗಳಲ್ಲಿ ವಿಪರೀತ ಹುಳಿ ಇತ್ತು. ಐತಪ್ಪಣ್ಣ ಅರ್ಜಿ ಹಿಂದೆ ತೆಗೆದುಕೊಳ್ಳಲಿಲ್ಲ, ಆದರೆ ಮಳೆಗಾಲದ ಒಂದು ಬೆಳೆಯವರೆಗೆ ನೋಡುತ್ತೇನೆ ಎಂದರು. ಧನ್ಯಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೆಲಸ ಮಾಡಿಸಿದಳು. ಮೊದಲ ಉಳುಮೆಗೆ ಸುಣ್ಣ. ಸುಣ್ಣದ ಜೊತೆಗೇ ಗೊಬ್ಬರ ಬಿದ್ದರೆ ಗೊಬ್ಬರ ಹಾಳು, ಹಾಗಾಗಿ ಎರಡು ವಾರ ಬಿಟ್ಟು ಸೊಪ್ಪು, ಹಟ್ಟಿಗೊಬ್ಬರ. ಅಜ್ಜಿಯ ಸುಡುಮಣ್ಣನ್ನು ಲಲಿತಕ್ಕನೇ ಸುಟ್ಟರು. ಆದರೆ ಗದ್ದೆಗೆ ಹೊತ್ತು ಹಾಕಿದ್ದು ಧನ್ಯಾ ಮತ್ತು ಆಳುಗಳು. ಲಲಿತಕ್ಕ ಕಂಟ ಬಿಟ್ಟು ಇಳಿಯಲಿಲ್ಲ.

ಮೇ ಕೊನೆಗೆ ನಾನು ನಿವೃತ್ತನಾದೆ. ಹಾರ ಹಾಕಿದರು, ಗಡಿಯಾರ ಕೊಟ್ಟರು. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಧನ್ಯಾ ಫೋನು ಮಾಡಿ, ನೇಜಿ ನೆಡುವುದುಂಟು, ಅಮ್ಮ ಬರಲು ಹೇಳಿದ್ದಾರೆ ಎಂದಳು. ಹೋದೆ. ಹೆಂಗಸರು ಗದ್ದೆಯ ಬದಿಯಲ್ಲಿ ಸಾಲಾಗಿ ಕಾಯುತ್ತಿದ್ದರು, ಯಾರೂ ಕೆಸರಿಗೆ ಇಳಿದಿರಲಿಲ್ಲ. ಲಲಿತಕ್ಕ ಒಂದು ಹಿಡಿ ನೇಜಿ ತಂದು ನನ್ನ ಮುಂದೆ ಹಿಡಿದರು.

"ಮೊದಲ ಹಿಡಿ ನೀವು ನೆಡಿ ಪೊರ್ಬುಗಳೇ" ಎಂದರು.

ನನಗೆ ಅರ್ಥ ಆಗಲಿಲ್ಲ. ನನ್ನ ಕೈಗುಣ ಹೇಗೆಂದು ಎಲ್ಲರ ಎದುರು ನಾನೇ ಹೇಳಿದ್ದೆನಲ್ಲ ಎಂದೆ.

"ಅದಕ್ಕೇ. ನಿಮ್ಮದು ಒಂದು ಮೂಲೆಯಲ್ಲಿ ಇರಲಿ, ಉಳಿದದ್ದು ನಾನು ನೆಡುತ್ತೇನೆ. ಯಾವ ಕೈ ಹೇಗೆ ಅಂತ ಅಣ್ಣ ನೋಡಲಿ."

ಹೇಳಿ ಸೀರೆ ಎತ್ತಿ ಕಟ್ಟಿ ಅವರು ಗದ್ದೆಗೆ ಇಳಿದರು. ನಾನು ಪ್ಯಾಂಟು ಮಡಚಿ ಹಿಂದೆ ಇಳಿದೆ. ಮೂವತ್ತು ವರ್ಷ ಭತ್ತದ ವಿಷಯ ಹೇಳಿಕೊಂಡೇ ಬದುಕಿದವನು, ನೇಜಿ ನೆಟ್ಟದ್ದು ಅದೇ ಮೊದಲು. ಕೆಸರಿನಲ್ಲಿ ಬಗ್ಗಿ ಒಂದು ಮೂಲೆಯಲ್ಲಿ ಆ ಹಿಡಿಯನ್ನು ಹೇಗೋ ಚುಚ್ಚಿದೆ. ಕಣ್ಣು ಒದ್ದೆಯಾಗಿತ್ತು. ಮಳೆ ಬರುತ್ತಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ತೆನೆ ಬಲಿಯುವ ಹೊತ್ತಿಗೆ ಮೊಣಕಾಲು ನಿಜವಾಗಿಯೇ ಕೈಕೊಟ್ಟು ನಾನು ಮನೆಯಲ್ಲಿದ್ದೆ. ಧನ್ಯಾ ಫೋನು ಮಾಡಿದಳು. ಮಾವ ಬೆಳಿಗ್ಗೆ ಗದ್ದೆಯನ್ನು ಪೂರ್ತಿ ಒಂದು ಸುತ್ತು ಹಾಕಿದರಂತೆ, ಕಾರ್ಡನ್ನೂ ಅರ್ಜಿಯ ನಕಲನ್ನೂ ಜೇಬಿನಿಂದ ತೆಗೆದು ಅಮ್ಮನ ಕೈಗೆ ಕೊಟ್ಟರಂತೆ, ಅಮ್ಮ ಅದನ್ನು ಒಲೆಗೆ ಹಾಕಿದರಂತೆ. ನನ್ನ ಮೂಲೆ ಹೇಗುಂಟು ಎಂದು ಕೇಳಿದೆ.

"ನಿಮ್ಮ ಮೂಲೆಯಲ್ಲಿ ಕಡಿಮೆ ಸರ್. ನೀವು ಆಳಕ್ಕೆ ನೆಟ್ಟಿದ್ದೀರಿ, ಕವಲು ಒಡೆಯಲಿಲ್ಲ. ಉಳಿದದ್ದೆಲ್ಲ ಅಮ್ಮ ನೆಟ್ಟದ್ದು. ಅದು ಚೆಂದ ಬಂದಿದೆ."